ಲೋಕಕ್ಕಿಂತ ಹಳೆಯ ಹಲಗೆ

ಧರ್ಮಗ್ರಂಥದಲ್ಲಿ ಬರುವ ಹಳೆಯ ರಾಜರ ಆಯಸ್ಸುಗಳನ್ನೆಲ್ಲ ಕೂಡಿ, ಲೋಕ ಸೃಷ್ಟಿಯಾಗಿ ನಾಲ್ಕು ಸಾವಿರದ ಒಂಬೈನೂರು ವರ್ಷವಾಯಿತೆಂದು ಮಾವನವರು ಪುಸ್ತಕವನ್ನೇ ಬರೆದಿದ್ದರು. ಮ್ಯೂಸಿಯಂ ಅವರದು, ಅದನ್ನು ನೋಡಿಕೊಳ್ಳುವ ಕೆಲಸ ಅಳಿಯನದು. ಪ್ರದರ್ಶನದ ಹಿಂದಿನ ದಿನ ಅಳಿಯ ಗಾಜಿನ ಪೆಟ್ಟಿಗೆಯಲ್ಲಿ ಒಂದು ಮಣ್ಣಿನ ಹಲಗೆಯಿಟ್ಟು, ‘ಐದು ಸಾವಿರ ವರ್ಷ ಹಳೆಯ ಬರಹ: ಯಾರದೋ ಆಡುಗಳ ಲೆಕ್ಕ’ ಎಂದು ಚೀಟಿ ಅಂಟಿಸಿದ.

“ನೂರು ವರ್ಷ ಇಳಿಸು,” ಎಂದರು ಮಾವ.

“ಪರೀಕ್ಷೆ ಮಾಡಿಸಿದೀನಿ ಮಾವ. ಇಳಿಸೋಕೆ ಇದೇನು ಮೈತೂಕವಾ?”

“ಹಾಗಾದರೆ ನಾಳೆಯಿಂದ ನೀನು ಕೆಲಸಕ್ಕೆ ಬರಬೇಡ.”

ಅಳಿಯ ಚೀಟಿ ಕೀಳಲು ಕೈಹಾಕಿದ. “ಆಗಲಿ, ಇಳಿಸ್ತೀನಿ. ಆಮೇಲೆ ಪಕ್ಕದ ಊರಿನ ಮ್ಯೂಸಿಯಂನವರ ಹಲಗೆಯೇ ನಮ್ಮದಕ್ಕಿಂತ ಹಳೇದು ಅನ್ನಿಸಿಕೊಳ್ಳುತ್ತೆ, ಅಷ್ಟೆ.”

ಮಾವನವರ ಮುಖದಲ್ಲಿ ಭಕ್ತಿಗೂ ಹೊಟ್ಟೆಕಿಚ್ಚಿಗೂ ಜಟಾಪಟಿ ನಡೆಯಿತು. ಭಕ್ತಿ ಬಹಳ ಹೊತ್ತು ನಿಲ್ಲಲಿಲ್ಲ.

ಬೆಳಗ್ಗೆ ಬಾಗಿಲು ತೆರೆದಾಗ ಹೊಸ ಚೀಟಿಯಿತ್ತು, ಮಾವನವರ ದುಂಡು ಅಕ್ಷರದಲ್ಲಿ: ‘ಲೋಕ ಸೃಷ್ಟಿಯಾಗುವುದಕ್ಕೆ ನೂರು ವರ್ಷ ಮೊದಲು ಬರೆದದ್ದು. ಇಷ್ಟು ಹಳೆಯದು ಬೇರೆಲ್ಲೂ ಇಲ್ಲ.’

ಅತ್ತೆ ಕನ್ನಡಕ ಏರಿಸಿಕೊಂಡು ಓದಿದರು. “ಅಲ್ರೀ, ಲೋಕವೇ ಇಲ್ಲದಾಗ ಇದನ್ನ ಬರೆದೋನು ಎಲ್ಲಿ ಕೂತಿದ್ದ? ಅವನ ಆಡುಗಳು ಎಲ್ಲಿ ಮೇಯ್ತಿದ್ದವು?”

“ಆ ಸಾಲು ನೋಡು, ಬೀದಿ ತನಕ ನಿಂತಿದಾರೆ,” ಎಂದರು ಮಾವ. “ಅವರಲ್ಲಿ ಒಬ್ಬರಾದರೂ ಕೇಳಿದರಾ?”

ಕೇಳಲಿಲ್ಲ. ಫೋಟೋ ತೆಗೆಯಬಹುದಾ ಎಂದು ಮಾತ್ರ ಕೇಳುತ್ತಿದ್ದರು. ಕೆಲಸ ಉಳಿಸಿಕೊಂಡ ಅಳಿಯ, ಧಾರಾಳವಾಗಿ ತೆಗೀರಿ ಎನ್ನುತ್ತಿದ್ದ.