ಯಲಿಯೂರಿಗೊಂದು ಟಿಕೆಟ್ಟು

ಎರಡನೇ ಸೀಟಿ, ಪಕ್ಕದ ಮನೆಯ ಮಂಗಳಮ್ಮನ ಕುಕ್ಕರಿನದು, ಒಂದೆಂದರೆ ನಿಲ್ಲು, ಎರಡೆಂದರೆ ರೈಟ್, ಹೊರಡು — ಎಂಟು ವರ್ಷ ಬಾಯಲ್ಲಿ ಪೀಪಿ ಕಚ್ಚಿಕೊಂಡು ಬದುಕಿದ ಕಂಡಕ್ಟರಮ್ಮನ ಕಿವಿಗೆ ಬೇಳೆ ಬೇಯುವುದೂ ಬಸ್ಸು ಹೊರಟ ಹಾಗೆಯೇ, ಆದರೆ ಅರುಂಧತಿ ಹೊರಡಲಿಲ್ಲ, ಮಂಚದಂಚಿನಲ್ಲಿ ಕಾಲು ಇಳಿಬಿಟ್ಟು ಕೂತೇ ಇದ್ದಳು, ಕಣ್ಣು ಬಿಟ್ಟ ತಕ್ಷಣ ನಿಲ್ಲಬಾರದು, ಹತ್ತು ನಿಮಿಷ ಕೂತು ಮೈಯನ್ನು ಕೇಳಬೇಕು, ಹೇಗಿದ್ದೀಯಮ್ಮ ಇವತ್ತು, ದೂರದ ನೆಂಟರನ್ನು ಕೇಳುವ ಹಾಗೆ, ಮರ್ಯಾದೆಯಿಂದ, ಜೋರು ಮಾಡದೆ, ಮತ್ತು ಮೈ ಇವತ್ತು ಪರವಾಗಿಲ್ಲ ಅನ್ನುತ್ತಿದೆ, ಮೊಣಕಾಲಿನೊಳಗೆ ಸೀಸ ಸುರಿದಂತಿಲ್ಲ, ಕಿಟಕಿಯ ಬಿಸಿಲು ಕಣ್ಣಿಗೆ ಚುಚ್ಚುತ್ತಿಲ್ಲ, ಇವತ್ತೇ ಆಗಬೇಕು ಹಾಗಾದರೆ, ತವರಿಗೆ, ಯಲಿಯೂರಿಗೆ ಹೋಗುವುದು ಇವತ್ತೇ. ಗಂಡನಿಗೆ ಹೇಳಿಲ್ಲ, ಲೈನ್‌ಮ್ಯಾನು ಶಿವರಾಜು, ಭಾನುವಾರವಾದರೂ ಹೊಳಲು ಊರಿನ ಹತ್ತಿರ ಕರೆಂಟು ಕಂಬ ವಾಲಿದೆ ಅಂತ ಆರಕ್ಕೇ ಹೋದ, ಹೇಳಿದ್ದರೆ ಅದೇ ಮಾತು, ಉಸಾರಾದ ಮ್ಯಾಕೆ ಓಗುವ ಕಣೆ, ಈಗ್ಲೇ ಏನವಸ್ರ, ಕೆಟ್ಟವನಲ್ಲ, ಹೆದರಿದವನು, ಮೂರು ವರ್ಷದಿಂದ ಉಸಾರಾದ ಮ್ಯಾಕೆ, ಉಸಾರಾದ ಮ್ಯಾಕೆ, ಅಷ್ಟರಲ್ಲಿ ಐದು ವರ್ಷದ ಮಗಳು ಎಂಟಾದಳು, ಹೋದ ಭಾನುವಾರ ಫೋನಿನಲ್ಲಿ, ರಂಜೂ ದಸರಾ ರಜಕ್ಕೆ ಬತ್ತೀಯ ಪುಟ್ಟಿ ಅಂದರೆ ಆ ಕಡೆಯಿಂದ ರಂಜಿತ, ತಡಿ ಮಮ್ಮಿ, ಅವ್ವನ್ನ ಕೇಳ್ಕಬತ್ತೀನಿ. ಅವ್ವ. ಅಜ್ಜಿಗೆ ಅವ್ವ ಅನ್ನುತ್ತಿದ್ದಾಳೆ ಈಗ. ಅನ್ನಲಿ ಬಿಡು, ಸಾಕುತ್ತಿರುವವಳು ಅವಳೇ ಅಲ್ಲವೇ, ಅರುಂಧತಿಯನ್ನು ಹೆತ್ತ ಪಟ್ಟಲಮ್ಮನೇ ಅಲ್ಲವೇ, ಆದರೂ ಆ ಫೋನು ಇಟ್ಟ ಮೇಲೆ ಗೋಡೆಯ ಕಡೆ ತಿರುಗಿ ಮಲಗಿದ್ದು ಸುಸ್ತಿನಿಂದ ಅಲ್ಲ, ಸುಸ್ತಿಗೂ ಅದಕ್ಕೂ ವ್ಯತ್ಯಾಸ ಗೊತ್ತಾಗುವಷ್ಟು ಮೈ ಚೇತರಿಸಿದೆ ಅಂತ ಆವತ್ತೇ ತಿಳಿದದ್ದು.

ಸ್ನಾನ ಕೂತೇ ಮಾಡಬೇಕು, ನೀಲಿ ಪ್ಲಾಸ್ಟಿಕ್ ಸ್ಟೂಲಿನ ಮೇಲೆ, ಒಂದು ಚೊಂಬು, ಉಸಿರು, ಇನ್ನೊಂದು ಚೊಂಬು, ತಲೆಗೆ ಬೇಡ, ತಲೆಗೆ ಎರೆದುಕೊಂಡ ದಿನ ಬೇರೇನೂ ಆಗುವುದಿಲ್ಲ — ಇದೇ ಕೈ ಒಂದು ಕಾಲಕ್ಕೆ ಮಂಡ್ಯದಿಂದ ಮದ್ದೂರು, ಮದ್ದೂರಿನಿಂದ ಮಳವಳ್ಳಿ, ಮತ್ತೆ ವಾಪಸ್ಸು, ದಿನಕ್ಕೆ ಮೂರು ಟ್ರಿಪ್ಪು ಕಂಬಿ ಹಿಡಿಯದೆ ನಿಂತೇ ಟಿಕೆಟ್ಟು ಹರಿದ ಕೈ, ಶಿಂಷಾ ಸೇತುವೆಯ ಮೇಲೆ ಗಾಳಿ ಬಂದು ಬೆವರಿದ ಕತ್ತಿಗೆ ತಾಕುತ್ತಿತ್ತಲ್ಲ, ಕೆ.ಎಂ. ದೊಡ್ಡಿಯಲ್ಲಿ ಕಾಲೇಜು ಹುಡುಗಿಯರು ಹತ್ತಿ ಬಸ್ಸೆಲ್ಲ ಮಲ್ಲಿಗೆ ವಾಸನೆ, ಒಳಗೋಗ್ರಮ್ಮ, ಒಳಗೋಗಿ, ಹಿಂದ್ಗಡೆ ಜಾಗ ಅದೆ, ಎಂಥ ಗಂಟಲು ಅದು, ಡ್ರೈವರ್ ಶಿವಯ್ಯ ನಗುತ್ತಿದ್ದ, ನಿನ್ ಗಂಟ್ಲಿದ್ರೆ ಹಾರನ್ ಯಾಕವ್ವ. ಜ್ವರ ಬಂದದ್ದು ಎಲ್ಲರಿಗೂ ಬರುವ ಹಾಗೆ, ಊರಲ್ಲೆಲ್ಲ ಇತ್ತು, ಒಂಬತ್ತು ದಿನ ಮಲಗಿ ಹತ್ತನೇ ದಿನ ಡ್ಯೂಟಿಗೆ ಹೋದಳು, ಹೋಗಬಾರದಿತ್ತು, ಹೋಗಬಾರದಿತ್ತೋ ಏನೋ ಯಾರಿಗೆ ಗೊತ್ತು, ಮದ್ದೂರು ಸ್ಟ್ಯಾಂಡಿನಲ್ಲಿ ವಡೆಯವರು ಕಿಟಕಿಗೆ ತಟ್ಟೆ ಎತ್ತಿ ಹಿಡಿದಿದ್ದರು, ಬಸ್ಸು ತುಂಬಿತ್ತು, ಪೀಪಿ ಊದಬೇಕು, ಕೈ ಮೇಲೇಳಲಿಲ್ಲ. ಅಷ್ಟೇ. ನೋವಲ್ಲ, ತಲೆಸುತ್ತಲ್ಲ, ಕರೆಂಟು ಹೋದ ಹಾಗೆ. ಫುಟ್‌ಬೋರ್ಡಿನ ಮೇಲೆ ಕೂತುಬಿಟ್ಟಳು, ಒಳಗಿಂದ ಯಾರೋ, ಏನಮ್ಮ ಕಂಡಕ್ಟ್ರೇ ಕುಂತ್ಬುಟ್ರೆ ಬಸ್ಸು ನಾವ್ ತಳ್ಬೇಕಾ, ಎಲ್ಲರೂ ನಕ್ಕರು, ಅವಳೂ ನಗಲು ನೋಡಿದಳು, ತುಟಿ ಅಗಲಿಸುವುದಕ್ಕೂ ಶಕ್ತಿ ಬೇಕಾಗುತ್ತದೆ ಅಂತ ಅದುವರೆಗೆ ತಿಳಿದಿರಲಿಲ್ಲ.

ಆಮೇಲೆ ರಕ್ತ, ಇಸಿಜಿ, ಸ್ಕ್ಯಾನು, ಮತ್ತೆ ರಕ್ತ, ಎಲ್ಲ ನಾರ್ಮಲ್, ಏನೂ ಇಲ್ಲಮ್ಮ ನಿಮಗೆ, ಸ್ವಲ್ಪ ವಾಕಿಂಗ್ ಮಾಡಿ, ವಾಕಿಂಗ್ ಮಾಡಿದಳು, ಗುತ್ತಲು ರಸ್ತೆಯ ತುದಿಯವರೆಗೆ ಹಟ ಹಿಡಿದು ನಡೆದಳು, ಮಾರನೇ ದಿನದಿಂದ ಇಪ್ಪತ್ತು ದಿನ ಕತ್ತಲೆ ಕೋಣೆ, ಬಟ್ಟೆಯ ಅಂಚು ಚರ್ಮಕ್ಕೆ ತಾಕಿದರೆ ಉರಿ, ಪಾತ್ರೆಯ ಸದ್ದಿಗೆ ಕಣ್ಣೀರು, ಮಗಳನ್ನು ಯಲಿಯೂರಿಗೆ ಕಳಿಸಿದ್ದು ಆಗಲೇ, ಸದ್ದಾದೀತೆಂದು ಮತ್ತೆ ಕರೆತರಲೂ ಇಲ್ಲ, ಅತ್ತೆ ಚಲುವಮ್ಮ ಬಾಗಿಲಲ್ಲಿ ನಿಂತು ಬೀದಿಗೆಲ್ಲ ಕೇಳುವ ಹಾಗೆ, ಜರ ಇಲ್ಲ, ಕೆಮ್ಮಿಲ್ಲ, ಉಣ್ಣಾಕೆ ಬಾಯದೆ, ಗೇಯಕ್ಕೆ ಮಾತ್ರ ಮೈ ಇಲ್ಲ, ಎಂಥ ಕಾಯ್ಲೆಯಮ್ಮ ಇದು. ಎಂಥ ಕಾಯಿಲೆ ಅಂತ ಅವಳೂ ತನ್ನನ್ನೇ ಕೇಳಿಕೊಂಡಳು, ನಿಜಕ್ಕೂ ಮೈಗಳ್ಳಿಯೇ ಏನೋ, ಎದ್ದರೆ ಏಳಬಹುದೇನೋ, ಏಳು, ಏಳೇ ಅರುಂಧತಿ, ಎಂದು ಒಳಗೇ ಬೈದುಕೊಳ್ಳುತ್ತ ಮಲಗಿದ್ದಳು. ಎರಡು ವರ್ಷದ ಮೇಲೆ ಒಬ್ಬ ಡಾಕ್ಟರಮ್ಮ, ಬಿಳಿ ಕೂದಲಿನವರು, ಗಂಟೆ ಹೊತ್ತು ಕೇಳಿಸಿಕೊಂಡರು, ಕಡೆಗೆ, ಇದು ಸೋಮಾರಿತನ ಅಲ್ಲ, ಮನಸ್ಸಿನ ಭ್ರಮೆ ಅಲ್ಲ, ಇದಕ್ಕೊಂದು ಹೆಸರಿದೆ, ದೀರ್ಘ ಆಯಾಸದ ಕಾಯಿಲೆ, ಜ್ವರದ ಬೆನ್ನಿಗೆ ಕೆಲವರಿಗೆ ಬರುತ್ತೆ, ಮಾತ್ರೆ ಇಲ್ಲ, ದಣಿಯುವುದಕ್ಕೆ ಮೊದಲೇ ನಿಲ್ಲಿಸುವುದನ್ನ ಕಲೀಬೇಕು. ಹೆಸರು ಕೇಳಿ ಅತ್ತುಬಿಟ್ಟಳು, ಕಾಯಿಲೆ ಇದೆ ಅಂದಿದ್ದಕ್ಕೆ ಇಷ್ಟು ಸಂತೋಷಪಟ್ಟ ಪೇಷಂಟು ಅವರಿಗೆ ಇನ್ನೊಬ್ಬಳು ಸಿಕ್ಕಿರಲಾರಳು. ಅವತ್ತಿನಿಂದ ಕಲಿತದ್ದು, ಒಂದು ಕೋಣೆಯಿಂದ ಇನ್ನೊಂದಕ್ಕೆ, ಆಮೇಲೆ ಹಿತ್ತಲಿಗೆ, ಆಮೇಲೆ ನಾಲ್ಕು ಚಪಾತಿ ಕೂತು ಒತ್ತುವುದು, ಐದನೆಯದಕ್ಕೆ ಆಸೆಪಡದಿರುವುದು.

ಈಗ ಸೀರೆ ಉಟ್ಟು, ಚೀಲದಲ್ಲಿ ನೀರು, ಆಧಾರ್ ಕಾರ್ಡು, ಬಾಗಿಲ ಹತ್ತಿರ ಬಂದರೆ ಚಲುವಮ್ಮ ಎದುರಿಗೇ, ಒರೆಸಿದ ನೀಲಿ ಸ್ಟೂಲನ್ನು ಕಂಕುಳಲ್ಲಿ ಇರುಕಿಕೊಂಡು, ನಡಿ. ಎಲ್ಲಿಗತ್ತೆ? ನೀನೆಲ್ಲಿಗೋಯ್ತಿದ್ದೀಯೋ ಅಲ್ಲಿಗೆ, ನಿನ್ನೆಯಿಂದ ಸೀರೆ ಮಡಿಸಿ ಇಟ್ಕಂಡು ಕುಂತಿದ್ದೀಯ, ನನಗೇನ್ ಕಣ್ಣಿಲ್ವಾ. ಅತ್ತೆ ಯಾವಾಗ ಬದಲಾದರೋ, ಬದಲಾದರು ಅಂತಲೂ ಹೇಳಲಾಗದು, ಹೋದ ಮಳೆಗಾಲ ಅವರಿಗೂ ಜ್ವರ ಬಂದು ತಿಂಗಳುಗಟ್ಟಲೆ ಕೈಯಲ್ಲಿ ಲೋಟ ನಿಲ್ಲಲಿಲ್ಲ, ಒಂದು ಮಧ್ಯಾಹ್ನ ಸೊಸೆಯ ಮಂಚದ ಕಾಲ ಬಳಿ ಬಂದು ಕೂತು, ಹಿಂಗೇ ಆಯ್ತಿತ್ತೇನಮ್ಮಿ ನಿಂಗೆ ಅಂದರು, ಇಷ್ಟ್ ದಿನವೂ? ಹ್ಞೂಂ ಅಂದಳು ಅರುಂಧತಿ, ತಪ್ಪಾಯ್ತು ಅನ್ನುವ ಮಾತು ಅವರ ಬಾಯಲ್ಲಿ ಹುಟ್ಟುವುದಿಲ್ಲ, ಮಾರನೇ ದಿನದಿಂದ ಬಿಸಿನೀರು ಮಾತ್ರ ಬಚ್ಚಲಲ್ಲಿ ತಯಾರಿರುತ್ತಿತ್ತು. ರಸ್ತೆಗಿಳಿದರೆ ಬಿಸಿಲು, ಐವತ್ತು ಹೆಜ್ಜೆಗೆ ಅತ್ತೆ ಸ್ಟೂಲು ಇಡುತ್ತಾರೆ, ಕುಂತ್ಕೊ, ನಡುರಸ್ತೆಯಲ್ಲಾ ಅತ್ತೆ, ನಡುರಸ್ತೆ ಇವ್ರಪ್ಪಂದಾ, ಕುಂತ್ಕೊ, ಅಂಗಡಿಯವರು ನೋಡುತ್ತಾರೆ, ಸ್ಕೂಟರಿನವನು ಸುತ್ತಿಕೊಂಡು ಹೋಗುತ್ತಾನೆ, ಅರುಂಧತಿ ಟಾರಿನ ಮೇಲೆ ಮದುವಣಗಿತ್ತಿಯ ಹಾಗೆ ತಲೆ ತಗ್ಗಿಸಿ ಕೂತಿದ್ದಾಳೆ, ಮಂಗಳಮ್ಮ ಗೇಟಿನಿಂದ, ಏನ್ ಚಲುವಕ್ಕಾ ಮೆರವಣ್ಗೆ ಅಂತಾಳೆ, ಅತ್ತೆ ತಿರುಗಿಯೂ ನೋಡದೆ, ನಮ್ಮುಡುಗಿ ಮಗಳ್ ನೋಡಾಕೆ ಓಯ್ತಾಳೆ, ನಿಂಗೇನು. ನಮ್ಮುಡುಗಿ. ಇನ್ನೈವತ್ತು ಹೆಜ್ಜೆಗೆ ಆ ಒಂದು ಮಾತು ಸಾಕಾಯಿತು, ಆಟೋ ಸಿಕ್ಕಿತು.

ಮಂಡ್ಯದ ಬಸ್ ಸ್ಟ್ಯಾಂಡಿನ ಡೀಸೆಲ್ ವಾಸನೆ, ಅಯ್ಯೋ, ಹೆಣ್ಣುಮಕ್ಕಳು ತವರಿನ ಒಲೆಯ ಹೊಗೆಗೆ ಹೀಗೇ ಮೂಗೊಡ್ಡುತ್ತಾರೇನೋ, ಕಣ್ಮುಚ್ಚಿ ಎಳೆದುಕೊಂಡಳು, ಎದೆ ತುಂಬ, ಮಳವಳ್ಳಿಯ ಬೋರ್ಡು ಹಾಕಿದ ಬಸ್ಸು ಕಣ್ಣೆದುರೇ ಹಿಂದಕ್ಕೆ ಸರಿಯುತ್ತಿದೆ, ಹತ್ತಿಬಿಡು ಅನ್ನುತ್ತದೆ ಕಾಲು, ಒಂದೇ ಸಲ, ಸೇತುವೆಯ ಗಾಳಿಯವರೆಗೆ ಮಾತ್ರ, ಬೇಡ, ಇರುವುದು ಒಂದು ದಿನದ ಶಕ್ತಿ, ಅದು ಆ ಕಡೆಗಲ್ಲ, ಈ ಕಡೆಗೆ, ಶ್ರೀರಂಗಪಟ್ಟಣದ ಕಡೆಯ ಬಸ್ಸು. ಕಿಟಕಿ ಸೀಟು, ಅತ್ತೆ ಸ್ಟೂಲನ್ನು ತೊಡೆಯ ಮೇಲಿಟ್ಟುಕೊಂಡರು, ಬಸ್ಸು ಹೊರಟಿತು, ಕಂಡಕ್ಟರು ಇಪ್ಪತ್ತೈದರ ಹುಡುಗಿ, ಕಂಬಿ ಹಿಡಿಯದೆಯೇ ನಿಂತಿದ್ದಾಳೆ, ಮೊಣಕಾಲು ಚೂರು ಸಡಿಲ ಬಿಟ್ಟು, ಹಾಗೇ ನಿಲ್ಲಬೇಕು, ಸರಿಯಾಗಿ ಕಲಿತಿದ್ದಾಳೆ, ಹತ್ತಿರ ಬಂದು, ಎಲ್ಲಿಗಮ್ಮ? ಎಂಟು ವರ್ಷ ಊರನ್ನೆಲ್ಲ ಕೇಳಿದ ಪ್ರಶ್ನೆ, ಮೂರು ವರ್ಷದಿಂದ ತನ್ನನ್ನು ಯಾರೂ ಕೇಳಿರಲಿಲ್ಲ, ಮಲಗಿದವಳನ್ನು ಯಾರು ಕೇಳುತ್ತಾರೆ ಎಲ್ಲಿಗೆ ಅಂತ, ಹುಡುಗಿ ಮತ್ತೊಮ್ಮೆ, ಎಲ್ಲಿಗಮ್ಮ ಬೇಗೇಳಿ, ಯಲಿಯೂರು ಅಂದಳು ಅರುಂಧತಿ, ಯಲಿಯೂರಿಗೆ ಒಂದು, ಅಲ್ಲ, ಎರಡು, ಮಗಳನ್ನು ನೋಡಕ್ಕೆ, ಅದನ್ನು ಹುಡುಗಿ ಕೇಳಿರಲಿಲ್ಲ, ಆದರೂ ಕಾರ್ಡು ನೋಡಿ ಟಿಕೆಟ್ಟು ಹರಿದುಕೊಟ್ಟು, ಸರಿ ಬುಡಿ, ಸ್ಟಾಪ್ ಬಂದಾಗ ನಾನೇ ಏಳಿಸ್ತೀನಿ, ಕಣ್ ಮುಚ್ಕೊಳಿ, ಎಂದಳು, ಮುಖದಲ್ಲಿ ಅಷ್ಟು ಕಾಣುತ್ತಿತ್ತೇನೋ.

ಯಲಿಯೂರಿನ ಮನೆಯ ಜಗಲಿಯ ಮೇಲೆ ಕೂರುವವರೆಗೆ ಹೇಗೆ ಬಂದಳೋ, ಕೊನೆಯ ಓಣಿಯಲ್ಲಿ ಗೋಡೆ ಹಿಡಿದದ್ದು, ಅತ್ತೆ ಕಂಕುಳಿಗೆ ಕೈ ಕೊಟ್ಟದ್ದು, ಅಪ್ಪ ಮಹದೇವಯ್ಯ ಓದುತ್ತಿದ್ದ ಪೇಪರು ಬಿಟ್ಟು ಎದ್ದು ನಿಂತದ್ದು, ಪಟ್ಟಲಮ್ಮ ಒಳಗಿಂದ ಓಡಿಬಂದು, ಅಯ್ಯೋ ನನ್ ಕಂದಾ ಒಬ್ಳೇ ಬಂದ್ಯಾ, ಒಬ್ಳೇ ಅಲ್ಲ ನಾನಿಲ್ವಾ ಅಂತ ಚಲುವಮ್ಮ, ಇಬ್ಬರು ಬೀಗಿತ್ತಿಯರೂ ಒಟ್ಟಿಗೇ ಮಾತಾಡುತ್ತಿದ್ದಾರೆ, ಎಲ್ಡು ದಿನ ಅಲ್ಲ ಎಂಟು ದಿನ ಇಲ್ಲೇ ಮಲಿಕೊಳ್ಲಿ, ಶಿವರಾಜುಗೆ ಫೋನ್ ಮಾಡ್ರಿ, ಹೂಂ, ನಾಳೆ ಏಳಲಾಗುವುದಿಲ್ಲ, ನಾಡಿದ್ದೂ ಆಗಲಿಕ್ಕಿಲ್ಲ, ಗೊತ್ತಿದ್ದೇ ಬಂದದ್ದು, ಬೀಳುವುದಾದರೆ ಈ ಸಲ ಮಗಳು ಉಸಿರಾಡುವ ಮನೆಯಲ್ಲೇ ಬೀಳುತ್ತೇನೆ ಅಂತಲೇ ಬಂದದ್ದು, ಎಲ್ಲಿ ಅವಳು, ಅಷ್ಟರಲ್ಲಿ ಬಾಗಿಲ ಚೌಕಟ್ಟಿನಲ್ಲಿ ರಂಜಿತ, ಎಷ್ಟುದ್ದ ಆಗಿದ್ದಾಳೆ, ವಿಡಿಯೋ ಕಾಲಿನಲ್ಲಿ ಕಾಲು ಕಾಣುವುದೇ ಇಲ್ಲ, ಮೊಣಕಾಲಿನಲ್ಲಿ ಗಾಯದ ಹಕ್ಕಳೆ, ಸೈಕಲ್ಲಿನದಿರಬೇಕು, ಬಿದ್ದದ್ದು ಯಾರೂ ಹೇಳಲಿಲ್ಲ, ಮಮ್ಮಿ ಅಂದಳು, ಓಡಿ ಬಂದಳು, ಮತ್ತು ಒಂದು ಮಾರು ದೂರದಲ್ಲಿ ಗಕ್ಕನೆ ನಿಂತು ಎರಡು ಕೈಯನ್ನೂ ಬೆನ್ನ ಹಿಂದಕ್ಕೆ ಕಟ್ಟಿಕೊಂಡಳು. ಏನಿದೆ ಪುಟ್ಟಿ ಕೈಯಲ್ಲಿ, ಏನೂ ಇಲ್ಲ ಮಮ್ಮಿ, ಮತ್ತೆ ಯಾಕೆ, ಮುಟ್ಟಬಾರ್ದಲ್ಲ, ಮುಟ್ಟುದ್ರೆ ನಿಂಗೆ ನೋಯ್ತದೆ ಅಂದಿದ್ರಲ್ಲ — ಯಾರು ಅಂದದ್ದು, ತಾನೇ, ಆ ಕತ್ತಲೆ ಕೋಣೆಯ ದಿನಗಳಲ್ಲಿ, ಮೇಲೆ ಹತ್ತಬ್ಯಾಡ ರಂಜೂ, ಮುಟ್ಟಬ್ಯಾಡ, ದೂರ ನಿಂತ್ಕೊ, ಐದು ವರ್ಷದ್ದು ಮಂಚದ ಪಕ್ಕ ಹೀಗೇ ನಿಂತಿತ್ತು, ಕೈ ಬೆನ್ನ ಹಿಂದೆ, ಮೂರು ವರ್ಷ ಅದನ್ನು ಮರೆಯದೆ ಇಟ್ಟುಕೊಂಡಿದೆ, ಫೋನಿನಲ್ಲಿ ನಗುವಾಗೆಲ್ಲ, ಪಾಠ ಒಪ್ಪಿಸುವಾಗೆಲ್ಲ ಆ ಕೈ ಬೆನ್ನ ಹಿಂದೆಯೇ ಇತ್ತೇನೋ, ಬಾ ಅಂದಳು ಅರುಂಧತಿ, ಈಗ ನೋಯಲ್ಲ, ನಿಜ್ವಾಗ್ಲೂ, ನಿಜ್ವಾಗ್ಲೂ ಕಣಮ್ಮಿ, ಮಗಳು ಒಂದು ಹೆಜ್ಜೆ ಇಟ್ಟಳು, ಬಲಗೈ ನಿಧಾನ ಮುಂದೆ ಬಂತು, ಒಂದೇ ಬೆರಳು, ಉಗುರಿನ ಸುತ್ತ ಮಣ್ಣು, ಮೊಣಕೈಯ ಹತ್ತಿರ, ಒಲೆಯ ಮೇಲಿನ ಪಾತ್ರೆ ಬಿಸಿಯಿದೆಯೋ ಎಂದು ನೋಡುವ ಹಾಗೆ, ತಾಕಿತು, ತೆಗೆಯಿತು, ಮುಖ ನೋಡಿತು, ನೋಯ್ತಾ? ಇಲ್ಲ. ಮತ್ತೆ ತಾಕಿತು, ಈ ಸಲ ತೆಗೆಯಲಿಲ್ಲ, ಒಂದು ಬೆರಳು, ಆಮೇಲೆ ಅಂಗೈ, ಎಡಗೈ ಇನ್ನೂ ಬೆನ್ನ ಹಿಂದೆ, ಎಡಗೈ ಇನ್ನೂ ಬೆನ್ನ ಹಿಂದೆ, ಅದು ಬರುವವರೆಗೆ ಕಾಯಬಲ್ಲೆ ನಾನು, ಆ ಕೈ, ಆ ಒಂದು ಕೈ.