ಸಾಕಾತು

ಸೂರ್ಯ ಮುಳುಗಲು ಇನ್ನೊಂದು ಗೇಣು ಇತ್ತು. ಹಡಗಿನ ಊಟದ ಕೋಣೆಯ ಗಾಜಿನ ಬಾಗಿಲು ಮಾತ್ರ ಇನ್ನೂ ತೆರೆದಿರಲಿಲ್ಲ. ಅಭಿನಂದನ ಬಾಗಿಲಲ್ಲಿ ನಿಂತ ವೇಟರನಿಗೆ ಹಿಂದಿಯಲ್ಲಿ ಹೇಳಿದ, ಮರಾಠಿಯಲ್ಲಿ ಹೇಳಿದ, ಕೊನೆಗೆ ಸಮುದ್ರದ ಕಡೆ ಕೈ ತೋರಿಸಿ, ಆ ಸೂರ್ಯ ನೀರಿಗೆ ಇಳಿದನೆಂದರೆ ತನ್ನ ತಾಯಿ ಬಾಯಿಗೆ ಒಂದು ಹನಿ ನೀರನ್ನೂ ಹಾಕುವುದಿಲ್ಲ ಎಂದು ತಿಳಿಸಿಕೊಟ್ಟ. ವೇಟರ್ ಒಳಗೆ ಹೋಗಿ ಯಾರನ್ನೋ ಕೇಳಿ ಬಂದು ಬಾಗಿಲು ತೆಗೆದ. ಒಳಗೆ ಜೈನ ಊಟದ ಕೌಂಟರಿನಲ್ಲಿ ಹೆಸರುಬೇಳೆ ಹಲ್ವಾ ಆಗಷ್ಟೇ ಇಳಿದಿತ್ತು. ತುಪ್ಪದ ವಾಸನೆ ಬಾಗಿಲ ತನಕ ಬಂದಿತ್ತು.

ಕಿಟಕಿಯ ಪಕ್ಕ ಕೂತಿದ್ದ ಕಸ್ತೂರೆವ್ವ ಹಲ್ವಾವನ್ನು ಬೆರಳ ತುದಿಯಲ್ಲಿ ತೆಗೆದು ನಾಲಿಗೆಗೆ ಮುಟ್ಟಿಸಿದಳು. ಕಣ್ಣು ಮುಚ್ಚಿದಳು. ಬಜಾರಿನ ತಿನಿಸನ್ನು ಜೀವಮಾನವೆಲ್ಲ ದೂರ ಇಟ್ಟ ಹೆಂಗಸು, ತಟ್ಟೆಯ ತಳ ಕಾಣುವ ತನಕ ತಿಂದಳು. ಬೆರಳನ್ನೂ ನೆಕ್ಕಿದಳು. ಆಮೇಲೆ ಎರಡೂ ಕೈ ಜೋಡಿಸಿ, "ಸಾಕಾತಪಾ," ಅಂದಳು.

ಅಭಿನಂದನನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಹೆಂಡತಿ ಸ್ನೇಹಲಳ ಕಡೆ ನೋಡಿ, ಹೆಂಗ, ನಾ ಹೇಳಿರಲಿಲ್ಲೇನು ಎನ್ನುವಂತೆ ಹುಬ್ಬು ಹಾರಿಸಿದ. ಅವಳು ನಗಲಿಲ್ಲ. ಮಗಳು ಕೋಮಲ ಪಿಜ್ಜಾದ ಚೀಸಿನ ಎಳೆಯನ್ನು ಬಾಯಿಂದ ಮಾರುದ್ದ ಎಳೆಯುತ್ತ ಅಜ್ಜಿಗೆ ತೋರಿಸಿ ನಗಿಸುತ್ತಿದ್ದಳು.

ಶೇಡಬಾಳದ ದ್ರಾಕ್ಷಿ ತೋಟ ಬಿಟ್ಟು ಇವರು ಮುಂಬಯಿಗೆ ಹೋಗಿ ಹಡಗು ಹತ್ತಿದ್ದು ಬರೀ ಮಜಾ ಮಾಡಲಿಕ್ಕಲ್ಲ. ಕಸ್ತೂರೆವ್ವನ ಗುಂಡಿಗೆ ದಣಿದಿದೆ, ಇನ್ನು ಔಷಧದ ಮೇಲೆ ಎಷ್ಟು ದಿನ ನಡೆದರೆ ಅಷ್ಟು ಎಂದು ಮಿರಜದ ಡಾಕ್ಟರು ಕೈ ಚೆಲ್ಲಿದ್ದರು. ಅದನ್ನು ಕೇಳಿದ ಮರುದಿನವೇ ಆಕೆ ಬಸದಿಗೆ ಹೋಗಿ ಮುನಿ ಮಹಾರಾಜರ ಮುಂದೆ ಕೂತು ಸಲ್ಲೇಖನ ಕೇಳಿದಳು. ಒಂದೊಂದೇ ಆಹಾರ ಬಿಡುತ್ತ, ಕೊನೆಗೆ ನೀರನ್ನೂ ಬಿಟ್ಟು, ಎಚ್ಚರದಲ್ಲಿ ಸಾವಿಗೆ ಎದುರಾಗುವ ವ್ರತ ಅದು. ಮನೆಯವರ ಒಪ್ಪಿಗೆ ತಂದರೆ ನೋಡೋಣ ಎಂದರು ಮುನಿಗಳು. ಒಪ್ಪಿಗೆ ಕೊಡಬೇಕಾದವನು ಒಬ್ಬನೇ ಮಗ. ಅವನು ಕೊಡಲಿಲ್ಲ.

ಆಕೆ ಕೇಳಿದ್ದಕ್ಕೆ ಕಾರಣವಿತ್ತು. ಗಂಡ ಶಾಂತಿನಾಥ ಸತ್ತದ್ದು ಆಸ್ಪತ್ರೆಯ ಐಸಿಯುದಲ್ಲಿ. ಹೊತ್ತು ಮುಳುಗಿದ ಮೇಲೆ ನೀರನ್ನೇ ಮುಟ್ಟದಿದ್ದ ಮನುಷ್ಯನಿಗೆ ಕತ್ತಲಾದ ಮೇಲೆ ಮೂಗಿಗೆ ನಳಿಗೆ ಇಳಿಸಿ ಹಾಲು ಹಾಕಿದ್ದರು. ಹಾಕ್ರಿ ಎಂದವನು ಅಭಿನಂದನನೇ. ಮುದುಕ ತುಟಿ ಬಿಗಿಹಿಡಿದು ಮುಖವನ್ನು ಅತ್ತಿತ್ತ ಹೊರಳಿಸುತ್ತಿದ್ದುದನ್ನು ತಾಯಿ ಮಗ ಇಬ್ಬರೂ ನಿಂತು ನೋಡಿದ್ದರು. ಅದರ ಮಾತು ಮನೆಯಲ್ಲಿ ಯಾರೂ ತೆಗೆಯುತ್ತಿರಲಿಲ್ಲ.

ಆದರೂ ಅಭಿನಂದನ ಒಂದು ಲೆಕ್ಕ ಹಾಕಿದ. ಅವ್ವನಿಗೆ ಬದುಕು ಬೇಸರಾಗಿದೆ, ಅಡಿಗೆಮನೆ, ತೋಟ, ಬಸದಿ ಬಿಟ್ಟು ಏನು ಕಂಡಾಳು ಪಾಪ, ಒಂದು ಸಲ ನಾಲಿಗೆಗೆ ರುಚಿ ಹತ್ತಿದರೆ ಸಾವಿನ ಮಾತು ತಾನೇ ಬಿಡುತ್ತಾಳೆ. ಹಡಗಿನಲ್ಲಿ ಜೈನರ ಅಡಿಗೆಗೇ ಬೇರೆ ಒಲೆ ಇರುತ್ತದೆಂದು ಸಾಂಗಲಿಯ ವ್ಯಾಪಾರಿಯೊಬ್ಬ ಹೇಳಿದ್ದ. ನಮ್ಮ ಜೋಡಿ ಬಾ, ಮನಸು ಬಂದದ್ದು ತಿನ್ನು, ತಿರುಗಿ ಬಂದ ಮೇಲೆ ಕೇಳು, ಆಗ ಹೂಂ ಅಂತೀನೋ ಇಲ್ಲೋ ನೋಡೋಣ ಎಂದ. ಆಕೆ ಒಂದು ಮಾತೂ ಎದುರಾಡದೆ ಹೊರಟು ನಿಂತಳು.

ಹಲ್ವಾ ತಿಂದ ಮರುದಿನ ಆಕೆ ಗುಲಾಬ್ ಜಾಮೂನು ತಿಂದಳು. ಎಷ್ಟು ಚಂದ ಮಾಡ್ಯಾರ ನೋಡವಾ ಎಂದು ಸೊಸೆಗೆ ಹೇಳಿ ತಿಂದಳು. ಅದರ ಮರುದಿನ ಎಣ್ಣೆಯ ಒಗ್ಗರಣೆ ಹಾಕಿದ ಕಡಲೆಹಿಟ್ಟಿನ ಸುರುಳಿ, ಖಾಂಡ್ವಿ. ಪ್ರತಿ ಸಲವೂ ಕೈ ಜೋಡಿಸಿ ಸಾಕಾತಪಾ ಅನ್ನುತ್ತಿದ್ದಳು. ನಡುವೆ ಚಹಾಕ್ಕೆ ಸಕ್ಕರೆ ಬೇಡವೆಂದಳು, ಚಪಾತಿ ಒಣದೇ ಇರಲಿ ಎಂದಳು. ವಯಸ್ಸಾದವರ ಜಾಗ್ರತೆ ಎಂದುಕೊಂಡ ಮಗ. ಒಂದು ಬಟ್ಟಲು ದ್ರಾಕ್ಷಿ ತಂದಿಟ್ಟಾಗ ಒಂದನ್ನು ಹಿಚುಕಿ ನೋಡಿ, ಇದು ನಮ್ಮದಲ್ಲ, ಮನಿದು ತಿಂತೀನಿ ಎಂದು ಸರಿಸಿದಳು. ತೋಟದವಳ ಸೊಕ್ಕು ಎಂದು ಅವನು ನಕ್ಕಿದ್ದೇ ನಕ್ಕಿದ್ದು. ಮನೆಗೆ ಮರಳುವ ಮಾತು ಅವಳ ಬಾಯಲ್ಲಿ ಬಂತಲ್ಲ, ಅವನಿಗೆ ಅಷ್ಟೇ ಸಾಕಾಗಿತ್ತು.

ಕೊನೆಯ ದಿನ ಮಧ್ಯಾಹ್ನ ಮತ್ತೆ ಹಲ್ವಾ ಬಂದಿತ್ತು. ಅವನು ತಟ್ಟೆ ತುಂಬಿಸಿಕೊಂಡು ಓಡೋಡಿ ಬಂದ. ಕಸ್ತೂರೆವ್ವ ಬೇಡವೆಂದಳು. ಜಾಮೂನು ತರಲೇ ಎಂದ. ಅದೂ ಬೇಡವೆಂದು ಎದ್ದು, ಮೊಮ್ಮಗಳ ಕೈ ಹಿಡಿದು ಗಾಳಿಗೆ ಹೋದಳು. ಆಗ ಸ್ನೇಹಲ ತಡೆಯಲಾರದೆ ಹೇಳಿಬಿಟ್ಟಳು.

"ತಟ್ಟಿ ತಗೊಂಡ ಯಾಕ ಓಡಾಡಾಕತ್ತೀರಿ? ಹಲ್ವಾ ತಿಂದ ದಿನ ಅತ್ತಿ ತುಪ್ಪ ಬಿಟ್ರು. ಜಾಮೂನು ತಿಂದ ದಿನ ಸಕ್ಕರಿ ಬಿಟ್ರು. ಖಾಂಡ್ವಿ ತಿಂದ ದಿನ ಎಣ್ಣಿ. ಸಾಕಾತು ಅಂದ್ರ ಹೊಟ್ಟಿ ತುಂಬೇತಿ ಅಂತಲ್ರಿ. ಇನ್ನ ಜೀವ ಇರೂತನಕ ಸಾಕು ಅಂತ."

ಅವನು ತಟ್ಟೆ ಹಿಡಿದುಕೊಂಡೇ ನಿಂತ. ತಾನು ಒಂದೊಂದೇ ತಂದುಕೊಟ್ಟದ್ದು, ಅವಳು ಒಂದೊಂದೇ ಬಿಟ್ಟದ್ದು! ಬದುಕಿಸಲಿಕ್ಕೆಂದು ಕರೆತಂದವನು ತನ್ನ ಕೈಯಾರೆ ಕಳಿಸಿಕೊಡುತ್ತಿದ್ದ. ಅವಮಾನವೋ ಸಿಟ್ಟೋ ದುಃಖವೋ, ಅವನ ಕಿವಿ ಕಾದು ಕೆಂಪಾದವು.

ಹೊರಗೆ ಬಂದು ತಾಯಿಯ ಎದುರು ನಿಂತು, ನನಗ ಮೋಸ ಮಾಡಿದಿ ಎಂದ. ರುಚಿ ಹತ್ತಿದಂಗ ಆಟ ಆಡಿದಿ ಎಂದ. ಕಸ್ತೂರೆವ್ವ ಮೊಮ್ಮಗಳನ್ನು ಒಳಗೆ ಕಳಿಸಿ, ಸೆರಗು ಸರಿಮಾಡಿಕೊಂಡಳು.

"ಆಟ ಆಡಲಿಲ್ಲೋ ತಮ್ಮಾ. ಖರೇನ ರುಚಿ ಆಗಿ ತಿಂದ್ನಿ. ರುಚಿ ಇಲ್ಲದ್ದನ್ನ ಬಿಟ್ರ ಅದೇನ ಬಿಟ್ಟಂಗ ಆತು?"

"ನಾ ಹೂಂ ಅನ್ನೂದಿಲ್ಲ."

"ಅನ್ನಬ್ಯಾಡ," ಎಂದು ಆಕೆ ಸಮುದ್ರದ ಕಡೆ ತಿರುಗಿದಳು. ಉಸಿರಾಡುವಾಗ ಅವಳ ಕೊರಳ ನರ ಎದ್ದು ಕಾಣುತ್ತಿತ್ತು.

ಅಂದು ಸಂಜೆ ಅವಳು ಹೊತ್ತಿರುವಾಗಲೇ ಒಣ ಚಪಾತಿ, ಬೇಳೆ ತಿಂದು ಬಾಯಿ ಮುಕ್ಕಳಿಸಿ ಕೋಣೆಗೆ ಬಂದಳು. ಸೂರ್ಯ ನೀರಿಗೆ ಇಳಿದು ಸ್ವಲ್ಪ ಹೊತ್ತಾಗಿತ್ತು. ಅಭಿನಂದನ ಬಾಗಿಲು ದೂಡಿ ಬಂದ. ಅವನ ಕೈಯಲ್ಲಿ ಕೆನೆಹಾಲಿನ ರಬಡಿಯ ಬಟ್ಟಲಿತ್ತು. ತಿನ್ನವ್ವಾ ಎಂದ. ಆಕೆ ತಲೆಯಾಡಿಸಿದಳು. ಒಂದ ಚಮಚ, ನನ್ನ ಸಲವಾಗಿ ಎಂದ. ಅವನಿಗೆ ಏನಾಗಿತ್ತೋ, ಒಂದು ಕೈಯಿಂದ ತಾಯಿಯ ಗದ್ದ ಹಿಡಿದು ಇನ್ನೊಂದರಿಂದ ಚಮಚವನ್ನು ತುಟಿಗೆ ಒತ್ತಿದ. ಆಕೆ ತುಟಿ ಬಿಗಿಹಿಡಿದಳು. ಮುಖ ಅತ್ತ ಹೊರಳಿಸಿದಳು, ಇತ್ತ ಹೊರಳಿಸಿದಳು. ರಬಡಿ ಗದ್ದದಿಂದ ಇಳಿದು ಬಿಳಿ ಸೀರೆಯ ಮೇಲೆ ಬಿತ್ತು.

ಐಸಿಯುದಲ್ಲಿ ಅಪ್ಪ ಹೀಗೆಯೇ ಹೊರಳಿಸಿದ್ದ.

ಅವನ ಕೈ ಸಡಿಲವಾಯಿತು. ಸ್ನೇಹಲ ಬಂದು ಬಟ್ಟಲು ಕಸಿದುಕೊಂಡಳು. ಕಸ್ತೂರೆವ್ವ ಸೆರಗಿನಿಂದ ಬಾಯಿ ಒರೆಸಿಕೊಂಡು, ತುಟಿಗೆ ಹತ್ತಿದ್ದು ಒಳಗೆ ಹೋಗದಂತೆ ಮತ್ತೆ ಮತ್ತೆ ಒರೆಸಿಕೊಂಡಳು. ಮಗನ ಮುಖ ನೋಡಲಿಲ್ಲ. ಅವನು ಹಾಸಿಗೆಯ ಕಾಲ ಬಳಿ ನೆಲದ ಮೇಲೆ ಕೂತುಬಿಟ್ಟ, ಅಳು ಬಂತು, ಸಣ್ಣ ಹುಡುಗನ ಹಾಗೆ ಅತ್ತ.

ಊರಿಗೆ ಬಂದ ಮೇಲೆ ಆ ಮಾತನ್ನು ಇಬ್ಬರೂ ಎತ್ತಲಿಲ್ಲ. ಆಕೆ ಒಪ್ಪಿಗೆ ಕೇಳಲಿಲ್ಲ, ಅವನು ಹೇಳಲಿಲ್ಲ. ತೋಟದಲ್ಲಿ ದ್ರಾಕ್ಷಿ ಇಳಿಸುವ ಕೆಲಸ ನಡೆದಿತ್ತು. ಒಂದು ಮುಂಜಾನೆ ಅವನು ಆಳುಗಳಿಗೆ ಹೇಳದೆ ತಾನೇ ಕತ್ತರಿ ತೆಗೆದುಕೊಂಡು, ಅಪ್ಪ ಅವ್ವ ಕೂಡಿ ಹಚ್ಚಿದ ಮೊದಲ ಸಾಲಿಗೆ ಹೋಗಿ, ಒಂದು ಗೊನೆಯನ್ನು ಆರಿಸಿ ಆರಿಸಿ ಕೊಯ್ದ. ಚಪ್ಪರದ ನೆರಳಲ್ಲಿ ತಾಯಿಯನ್ನು ಕುರ್ಚಿಯಲ್ಲಿ ಕೂರಿಸಿದ. ಕಾಸಿ ಆರಿಸಿದ ನೀರಲ್ಲಿ ಗೊನೆಯನ್ನು ತೊಳೆದು ಅವಳ ಕೈಗೆ ಕೊಟ್ಟ. ಬಿಸಿಲು ಎಲೆಗಳ ಸಂದಿಯಿಂದ ಅವಳ ಮಡಿಲಿಗೆ ಬೀಳುತ್ತಿತ್ತು.

ಕಸ್ತೂರೆವ್ವ ಒಂದೊಂದೇ ಹಣ್ಣು ಬಿಡಿಸಿ ಬಾಯಿಗೆ ಹಾಕಿಕೊಂಡಳು. ಸಿಹಿಗೆ ಅವಳ ಕಣ್ಣು ಕಿರಿದಾದವು. ಅವಸರ ಮಾಡಲಿಲ್ಲ. ಅವನೂ ಮಾಡಲಿಲ್ಲ, ಎದುರಿಗೆ ಕುಕ್ಕರುಗಾಲಲ್ಲಿ ಕೂತು ನೋಡಿದ. ಕೊನೆಗೆ ಬರೀ ಕಡ್ಡಿ ಉಳಿಯಿತು. ಆಕೆ ಕೈ ಜೋಡಿಸುವ ಮೊದಲೇ ಅವನು ಕೇಳಿದ.

"ಸಾಕಾತೇನವ್ವಾ?"

ಆಕೆ ಅವನ ಮುಖ ನೋಡಿದಳು.

"ಹೂಂನಪಾ. ಸಾಕಾತು."

ಅವನು ಕಡ್ಡಿಯನ್ನು ಅವಳ ಕೈಯಿಂದ ತೆಗೆದುಕೊಂಡ. ತಂಬಿಗೆ ಎತ್ತಿ, ಹಣ್ಣಿನ ರಸಕ್ಕೆ ಜಿಗುಟಾಗಿದ್ದ ಆ ಬೆರಳುಗಳ ಮೇಲೆ ನೀರು ಹಾಕಿದ. ಅವಳು ತಿಕ್ಕಿ ತಿಕ್ಕಿ ತೊಳೆದುಕೊಂಡಳು. ನೀರು ಬಳ್ಳಿಯ ಬುಡಕ್ಕೆ ಹರಿದು ಹೋಯಿತು.