ತಡವಾಗಿ ಒತ್ತಿದ ಬ್ರೇಕು

ನಮ್ಮೂರಲ್ಲಿ ಕಾರು ಓಡಿಸುವ ಹೆಂಗಸರಲ್ಲಿ ಅರ್ಧಕ್ಕರ್ಧ ಜನ ಕಲಿತದ್ದು ಡ್ರೈವಿಂಗ್ ಟೀಚರ್ ಹತ್ತಿರವೇ. ಹನ್ನೆರಡು ವರ್ಷದಲ್ಲಿ ಅವರ ಕಾರಿಗೆ ಒಂದು ಗೀರೂ ಬಿದ್ದಿರಲಿಲ್ಲ. ಕಲಿಯುವವರು ತಪ್ಪಿದರೆ, ತಮ್ಮ ಕಡೆ ಇರುವ ಎರಡನೇ ಬ್ರೇಕನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಒತ್ತಿಬಿಡುತ್ತಿದ್ದರು.

ಆದರೆ ಮೂರು ತಿಂಗಳಿಂದ ಅವರಿಗೆ ನಿದ್ದೆ ಹತ್ತುತ್ತಿರಲಿಲ್ಲ, ಊಟ ಸೇರುತ್ತಿರಲಿಲ್ಲ. ಪಾಠದ ನಡುವೆ ನಗಿಸುತ್ತಿದ್ದವರು ಈಗ ಎಡಕ್ಕೆ, ಬಲಕ್ಕೆ ಎನ್ನುವುದು ಬಿಟ್ಟರೆ ಬಾಯಿ ಬಿಡುತ್ತಿರಲಿಲ್ಲ. ಟೈಲರ್ ಆಗಿದ್ದ ಗಂಡ, ದಣಿವು ಅಷ್ಟೇ ಎಂದುಕೊಂಡು ಸುಮ್ಮನಿದ್ದರು.

ಒಂದು ಬೆಳಿಗ್ಗೆ ಆರೋಗ್ಯ ಕೇಂದ್ರದ ನರ್ಸ್ ಪಾಠಕ್ಕೆ ಬಂದರು. ಮಾರುಕಟ್ಟೆಯ ತಿರುವಿನಲ್ಲಿ ಸೈಕಲ್ ಮೇಲೆ ಒಬ್ಬ ಅಜ್ಜ ಅಡ್ಡ ಬಂದರು. ಗಾಬರಿಯಲ್ಲಿ ನರ್ಸ್ ಬ್ರೇಕಿನ ಬದಲು ಆಕ್ಸಿಲರೇಟರ್ ತುಳಿದರು. ಟೀಚರ್ ಬ್ರೇಕು ಒತ್ತುವ ಹೊತ್ತಿಗೆ ಕಾರು ಸೈಕಲ್ಲಿಗೆ ತಗುಲಿ, ಅಜ್ಜ ಬಿದ್ದಾಗಿತ್ತು. ಪುಣ್ಯಕ್ಕೆ ಅಂಗೈ ತರಚಿತ್ತು ಅಷ್ಟೇ. ನರ್ಸ್ ಗಾಯ ತೊಳೆದು ಪಟ್ಟಿ ಕಟ್ಟಿ, ಅಜ್ಜನನ್ನು ಮನೆಗೆ ಮುಟ್ಟಿಸಿ ಬಂದು ಕ್ಷಮೆ ಕೇಳಿದರು.

"ನಿಮ್ಮದೊಂದೇ ತಪ್ಪಲ್ಲ ಸಿಸ್ಟರ್" ಎಂದರು ಟೀಚರ್. "ನಾನು ಸೈಕಲ್ ನೋಡ್ದೆ. ಬ್ರೇಕ್ ಒತ್ಬೇಕು ಅಂತ ಗೊತ್ತಿತ್ತು. ಕಾಲು ಮಾತು ಕೇಳ್ಲಿಲ್ಲ."

ನರ್ಸ್ ನಿಧಾನವಾಗಿ ಎಲ್ಲವನ್ನೂ ಕೇಳಿ ತಿಳಿದುಕೊಂಡರು. ಬದುಕೇ ಬೇಡ ಅನಿಸುತ್ತದೆಯೇ ಎಂದೂ ನೇರವಾಗಿ ಕೇಳಿದರು. ಹಾಗೇನಿಲ್ಲ, ಆದರೆ ಯಾವುದರಲ್ಲೂ ರುಚಿಯಿಲ್ಲ ಎಂದರು ಟೀಚರ್. ಇದು ಖಿನ್ನತೆ ಇರಬಹುದು, ಖಿನ್ನತೆಯಲ್ಲಿ ಗಮನ ಜಾರುತ್ತದೆ, ಕಣ್ಣಿಗೆ ಕಂಡದ್ದಕ್ಕೆ ಕೈಕಾಲು ತಡವಾಗಿ ಓಗೊಡುತ್ತವೆ ಎಂದು ನರ್ಸ್ ತಿಳಿಸಿದರು. ಕಾರನ್ನು ಅಲ್ಲೇ ರಸ್ತೆ ಬದಿಯಲ್ಲಿ ಬಿಟ್ಟು ಇಬ್ಬರೂ ಟೀಚರ್ ಮನೆಗೆ ನಡೆದರು.

ನರ್ಸ್ ಹೇಳಿದ್ದು ಕೇಳಿ, ಕೊರಳಲ್ಲಿ ಅಳತೆ ಟೇಪು ಹಾಕಿಕೊಂಡೇ ಗಂಡ ಸಿಡುಕಿದರು. "ನನ್ನ ಹೆಂಡ್ತಿಗೆ ಹುಚ್ಚು ಅಂತೀರಾ?"

"ಅಣ್ಣ, ಕಣ್ಣು ಮಂಜಾಯ್ತು ಅಂತ ನೀವು ಕನ್ನಡಕ ಹಾಕ್ಕೊಂಡ್ರಿ. ಯಾರಾದ್ರೂ ಕುರುಡ ಅಂದ್ರಾ? ಇದೂ ಒಂದು ಕಾಯಿಲೆ. ಔಷಧಿ ಇದೆ, ವಾಸಿಯಾಗುತ್ತೆ" ಎಂದರು ನರ್ಸ್.

ವಿಷಯ ಹೊರಗೆ ಗೊತ್ತಾದರೆ ಕಲಿಯಲು ಯಾರು ಬರುತ್ತಾರೆ ಎಂದು ಗಂಡ ಗೊಣಗಿದರು. ಆಗ ಟೀಚರ್ ತಲೆ ಎತ್ತಿದರು. "ಜನ ಏನಂತಾರೋ ಅನ್ಲಿ. ಆ ಅಜ್ಜನಿಗೆ ಏನಾದ್ರೂ ಆಗಿದ್ದಿದ್ರೆ ಅವರ ಮನೆಯವರಿಗೆ ನಾನೇನು ಹೇಳ್ತಿದ್ದೆ?"

ಗಂಡ ಕೊರಳಿನ ಟೇಪು ತೆಗೆದಿಟ್ಟರು. ಮರುದಿನ ಅಂಗಡಿಗೆ ಬೀಗ ಹಾಕಿ ಹೆಂಡತಿಯ ಜೊತೆ ಡಾಕ್ಟರ ಬಳಿಗೆ ಹೊರಟರು. ಡಾಕ್ಟರು ಪರೀಕ್ಷಿಸಿ, ಖಿನ್ನತೆಯೇ ಎಂದು ಹೇಳಿ ಮಾತ್ರೆ ಕೊಟ್ಟರು, ಆಪ್ತಸಮಾಲೋಚನೆಗೂ ಬರಹೇಳಿದರು. ಮೊದಮೊದಲು ಮಾತ್ರೆಯಿಂದ ಮಂಪರು ಬರಬಹುದು, ತಾವು ಹೇಳುವವರೆಗೆ ಗಾಡಿ ಮುಟ್ಟಬಾರದು, ಗುಣವಾಯಿತೆಂದು ಮಾತ್ರೆಯನ್ನು ತಮ್ಮನ್ನು ಕೇಳದೆ ಬಿಡಲೂ ಬಾರದು ಎಂದರು. ಅಷ್ಟು ದಿನ ಟೀಚರ್ ಕೋಣೆಯಲ್ಲೇ ರಸ್ತೆ ನಿಯಮದ ಪಾಠ ಮಾಡಿದರು. ನಿದ್ದೆ ಮರಳಿತು. ಊಟ ಸೇರಿತು. ಕೆಲವು ತಿಂಗಳ ಮೇಲೆ ಡಾಕ್ಟರು ಒಪ್ಪಿಗೆ ಕೊಟ್ಟರು. ಮತ್ತೆ ಕಾರು ಓಡಿಸಿದ ಮೊದಲ ದಿನ ಪಕ್ಕದಲ್ಲಿ ಬಿಗಿದುಕೊಂಡು ಕೂತಿದ್ದ ಗಂಡನನ್ನು ನೋಡಿ ಟೀಚರ್ ನಕ್ಕರು: "ಉಸಿರಾಡ್ಬಹುದು ರೀ."

ನಿಮಗೂ ಎರಡು ವಾರದಿಂದ ನಿದ್ದೆಯಿಲ್ಲವೇ, ಯಾವುದರಲ್ಲೂ ಆಸಕ್ತಿಯಿಲ್ಲವೇ, ಮನಸ್ಸು ಮಂಕಾಗಿದೆಯೇ? ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೋಗಿ, ಅಲ್ಲಿನವರು ಸರಿ ಎನ್ನುವವರೆಗೆ ಗಾಡಿಯ ಕೀಲಿ ಬೇರೆಯವರ ಕೈಗೆ ಕೊಡಿ. ಬದುಕೇ ಬೇಡ ಅನಿಸಿದರೆ ಒಬ್ಬರೇ ಇರಬೇಡಿ, ಮನೆಯವರಿಗೋ ಆರೋಗ್ಯ ಕೇಂದ್ರದವರಿಗೋ ಇವತ್ತೇ ಹೇಳಿಕೊಳ್ಳಿ. ಮನೆಯವರಲ್ಲಿ ಯಾರಾದರೂ ಹೀಗಿದ್ದರೆ ಬೈಯಬೇಡಿ, ಜೊತೆಗೆ ಹೋಗಿ. ಜ್ವರ ಬಂದರೆ ಗಾಡಿ ಬದಿಗಿಡುತ್ತೀರಿ. ಮನಸ್ಸು ಕುಗ್ಗಿದಾಗಲೂ ಬದಿಗಿಡಿ. ರಸ್ತೆ ಎಲ್ಲಿಗೂ ಓಡಿಹೋಗುವುದಿಲ್ಲ.